ಒಂದು ಸೆಂಟ್ ಫ್ರಾಂಕ್ಲಿನ್: ಮುಖ ಬಿಡಿ, ಅಂಚು ನೋಡಿ

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಸ್ಟ್ಯಾಂಪು ಕೂಡಿಸುವ ಹುಚ್ಚಿತ್ತು, ಆಮೇಲೆ ಬಿಟ್ಟುಹೋಗಿತ್ತು. ಮೊನ್ನೆ ಇಲ್ಲಿ ಹಿರಿಯರೊಬ್ಬರ ಮನೆ ಸಾಮಾನು ಮಾರುವಾಗ ಹಳೆಯ ಆಲ್ಬಂ ಒಂದು ಸಿಕ್ಕಿತು. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇರುವ ನೀಲಿ ಬಣ್ಣದ ಒಂದು ಸೆಂಟ್ ಸ್ಟ್ಯಾಂಪು ಮೂರಿವೆ. ಮೊದಲನೆಯದಕ್ಕೆ ಹಲ್ಲಿಲ್ಲ (ಅಂಚಿನಲ್ಲಿ ಬಿಡಿಸಲು ಹಾಕುವ ರಂಧ್ರಗಳ ಸಾಲಿಲ್ಲ), ಕೆಳಗೆ ಪೆನ್ಸಿಲಿನಲ್ಲಿ 'ಟೈಪ್ 1' ಎಂದು ಬರೆದಿದೆ. ಎರಡನೆಯದಕ್ಕೂ ಹಲ್ಲಿಲ್ಲ, ಠಸ್ಸೆಯಲ್ಲಿ 1860 ಎಂದು ಓದುತ್ತದೆ. ಮೂರನೆಯದಕ್ಕೆ ಹಲ್ಲಿದೆ, ಬಳಸಿಲ್ಲ, ಹಿಂದೆ ಅಂಟಿಲ್ಲ, ಹೊಸದರಂತೆ ಹೊಳೆಯುತ್ತದೆ. ಟೈಪ್ 1 ಅಂದರೆ ಭಾರಿ ಬೆಲೆ ಎಂದು ಕೇಳಿದೆ. ನನ್ನ ಕಣ್ಣಿಗೆ ಮೂರೂ ಒಂದೇ. ಹೇಗೆ ಗುರುತಿಸುವುದು? ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋ ಚೆನ್ನಾಗಿ ಬಂದಿವೆ, ಆದ್ದರಿಂದ ಮೊದಲು ತೀರ್ಪು ಹೇಳಿ ಆಮೇಲೆ ಕಾರಣಕ್ಕೆ ಬರುತ್ತೇನೆ. ಟೈಪ್ ಎಂದರೆ ಒಂದೇ ವಿನ್ಯಾಸದ ಅಂಚಿನಲ್ಲಿ ಕಾಣುವ ಸಣ್ಣ ವ್ಯತ್ಯಾಸಗಳಿಂದ ಮಾಡಿದ ಗುಂಪು. ಪೆನ್ಸಿಲ್ ಬರಹವಿರುವ ಮೊದಲನೆಯದು ಟೈಪ್ 1 ಅಲ್ಲ, ಟೈಪ್ 4. ಎರಡನೆಯದು ಹಲ್ಲಿದ್ದದ್ದನ್ನು ಯಾರೋ ಕತ್ತರಿಯಿಂದ ಬೋಳಿಸಿದ ಟೈಪ್ 5. ಇಡೀ ಆಲ್ಬಂನಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ನೀವು ಕೊನೆಗೆ, ಬಹುಶಃ ಅಷ್ಟೇನೂ ಲೆಕ್ಕಕ್ಕಿಡದೆ, ಕಳಿಸಿದ ಮೂರನೆಯದು. ಅದರ ತೀರ್ಮಾನ ಫೋಟೋದಲ್ಲಿ ಆಗದು. ನೀವೇ ಹಲ್ಲು ಎಣಿಸಬೇಕು.

ಇದು ಅಮೆರಿಕದ ಅಂಚೆ 1851ರ ಜುಲೈ 1ರಂದು ಹೊರತಂದ ಸ್ಟ್ಯಾಂಪು. ಅದೇ ವರ್ಷ ಮಾರ್ಚಿನಲ್ಲಿ ಆದ ಕಾನೂನು ಅಂಚೆ ದರವನ್ನು ಇಳಿಸಿತ್ತು. ಮುಂಗಡ ಹಣ ಕೊಟ್ಟ ಸಾಮಾನ್ಯ ಕಾಗದಕ್ಕೆ ಮೂರು ಸಾವಿರ ಮೈಲಿಯವರೆಗೆ 3 ಸೆಂಟ್ ಆಯಿತು. ಅಚ್ಚಾದ ಸುತ್ತೋಲೆಗಳಿಗೆ, ಅದೇ ಊರಿನ ಅಂಚೆ ಕಚೇರಿಯಲ್ಲಿ ಹಾಕಿ ಅಲ್ಲೇ ತೆಗೆದುಕೊಳ್ಳುವ ಕಾಗದಗಳಿಗೆ 1 ಸೆಂಟ್ ಬೇಕಾಯಿತು. ಅಚ್ಚು ಹಾಕಿದ್ದು ಫಿಲಡೆಲ್ಫಿಯದ ಟೊಪ್ಪನ್, ಕಾರ್ಪೆಂಟರ್, ಕ್ಯಾಸಿಲಿಯರ್ ಕಂಪನಿ. 1861ರವರೆಗೂ ಇದೇ ವಿನ್ಯಾಸ ನಡೆಯಿತು. ಆ ವರ್ಷ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ದಾಸ್ತಾನು ಶತ್ರುವಿಗೆ ಹಣವಾಗಬಾರದೆಂದು ಹಳೆಯ ಸ್ಟ್ಯಾಂಪುಗಳನ್ನೆಲ್ಲ ಅಸಿಂಧು ಮಾಡಿ ಹೊಸ ವಿನ್ಯಾಸ ತಂದರು. ಹೊಸದರಲ್ಲೂ ಫ್ರಾಂಕ್ಲಿನ್ ಇದ್ದಾರೆ, ಅದೂ ನೀಲಿಯೇ. ಆದರೆ ಅದರ ಮೇಲಿನ ಎರಡು ಮೂಲೆಗಳಲ್ಲಿ '1' ಎಂಬ ಅಂಕಿ ಇದೆ, ಕೆಳಗಿನ ಮೂಲೆಗಳಲ್ಲಿ 'ಯು' ಮತ್ತು 'ಎಸ್' ಅಕ್ಷರಗಳಿವೆ. 1851ರದ್ದರಲ್ಲಿ ಅಂಕಿಯೇ ಇಲ್ಲ. ಮೇಲಿನ ಬಾಗಿದ ಪಟ್ಟಿಯಲ್ಲಿ 'ಯು.ಎಸ್. ಪೋಸ್ಟೇಜ್', ಕೆಳಗಿನ ಬಾಗಿದ ಪಟ್ಟಿಯಲ್ಲಿ 'ಒನ್ ಸೆಂಟ್', ಅಷ್ಟೆ. ನಿಮ್ಮ ಮೂರರಲ್ಲೂ ಅಂಕಿ ಕಾಣುತ್ತಿಲ್ಲ. ಆದ್ದರಿಂದ ಸರಿಯಾದ ಮನೆಯಲ್ಲೇ ಇದ್ದೇವೆ.

ಈಗ ನಿಮ್ಮ ನಿಜವಾದ ತೊಡಕಿಗೆ ಬರೋಣ. ಮೂರೂ ಒಂದೇ ಥರ ಕಾಣುತ್ತವೆ ಅಂದಿರಿ. ಕಾಣಲೇಬೇಕು, ಏಕೆಂದರೆ ಮೂಲ ಕೆತ್ತನೆ ಒಂದೇ. ಭಾರತದ 1854ರ ಅರ್ಧಾಣೆ ಸ್ಟ್ಯಾಂಪು ನೋಡಿ ಬಂದವರಿಗೆ ಇದು ಮೊದಮೊದಲು ಗಲಿಬಿಲಿ ಮಾಡುತ್ತದೆ. ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಅರ್ಧಾಣೆಗೆ ಮೂರು ಬೇರೆ ಬೇರೆ ಡೈ, ಅಂದರೆ ಮೂಲ ಅಚ್ಚು, ಇದ್ದವು, ಹಾಗಾಗಿ ರಾಣಿಯ ಮುಖ, ತುರುಬು, ಮೂಲೆಯ ನಕ್ಷತ್ರ ಎಲ್ಲವೂ ಡೈನಿಂದ ಡೈಗೆ ಬದಲಾಗುತ್ತವೆ. ಒಂದು ಸೆಂಟ್ ಫ್ರಾಂಕ್ಲಿನ್ನಿನಲ್ಲಿ ಮುಖ ನೋಡಿ ಏನೂ ಸಿಗದು. ಮುಖ, ಕೂದಲು, ಹಿನ್ನೆಲೆಯ ಗೆರೆಗಳು, ಅಕ್ಷರಗಳು ಎಲ್ಲ ಟೈಪಿನಲ್ಲೂ ಒಂದೇ. ವ್ಯತ್ಯಾಸ ಹುಟ್ಟಿದ್ದು ಡೈನಲ್ಲಲ್ಲ, ಡೈನಿಂದ ಹಾಳೆ ಮುದ್ರಿಸುವ ಪ್ಲೇಟಿಗೆ ಹೋಗುವ ದಾರಿಯಲ್ಲಿ.

ಆ ದಾರಿ ಹೀಗೆ. ಮೆದು ಉಕ್ಕಿನ ತುಂಡಿನ ಮೇಲೆ ಕೆತ್ತನೆಗಾರ ಒಂದೇ ಒಂದು ಸ್ಟ್ಯಾಂಪು ಕೆತ್ತುತ್ತಾನೆ. ಅದನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಅದರ ಮೇಲೆ ಮೆದು ಉಕ್ಕಿನ ಉರುಳೆಯೊಂದನ್ನು ಭಾರಿ ಒತ್ತಡದಲ್ಲಿ ಹಿಂದೆ ಮುಂದೆ ಉರುಳಿಸಿದರೆ ಚಿತ್ರ ಉರುಳೆಯ ಮೇಲೆ ಉಬ್ಬಾಗಿ ಏಳುತ್ತದೆ. ಒಂದೇ ಉರುಳೆಯ ಮೇಲೆ ಇಂಥ ಉಬ್ಬುಗಳು ಹಲವು ಇರಬಹುದು. ಉರುಳೆಯನ್ನೂ ಗಟ್ಟಿ ಮಾಡಿ, ದೊಡ್ಡ ಉಕ್ಕಿನ ಪ್ಲೇಟಿನ ಮೇಲೆ ಒಂದೊಂದೇ ಜಾಗದಲ್ಲಿ ಉರುಳಿಸಿ ಇಳಿಸುತ್ತಾರೆ. ಈ ಸ್ಟ್ಯಾಂಪಿನ ಒಂದು ಪ್ಲೇಟಿನಲ್ಲಿ 200 ಜಾಗ, ಎಡಕ್ಕೆ ನೂರು, ಬಲಕ್ಕೆ ನೂರು. ತೊಂದರೆ ಎಂದರೆ ಮೂಲ ವಿನ್ಯಾಸಕ್ಕೆ ಅಂಚಿನಲ್ಲಿ ಬಳ್ಳಿ, ಗರಿ, ಸುರುಳಿ ಬಹಳ. ಪ್ಲೇಟಿನ ಮೇಲೆ ಸಾಲುಗಳ ನಡುವೆ ಜಾಗ ಬಹಳ ಕಡಿಮೆ. ಒಂದರ ಕೆಳಗಿನ ಸುರುಳಿ ಇನ್ನೊಂದರ ತಲೆಯ ಮೇಲೆ ಬೀಳಬಾರದೆಂದು ಉರುಳೆಯ ಉಬ್ಬಿನ ಅಂಚನ್ನೇ ಉಳಿಯಿಂದ ಸವರಿ ತೆಗೆದರು. ಜೊತೆಗೆ ಉರುಳಿಸುವವನ ಕೈ ಕೆಲವು ಕಡೆ ಅಂಚಿಗೆ ಮುಟ್ಟದೆ ನಿಂತಿತು. ಲಟ್ಟಣಿಗೆ ತುದಿಯವರೆಗೆ ಹೋಗದಿದ್ದರೆ ಚಪಾತಿಯ ಅಂಚು ದಪ್ಪಗೇ ಉಳಿಯುವ ಹಾಗೆ, ಅಲ್ಲಿ ಕೆತ್ತನೆ ಆಳಕ್ಕಿಳಿಯಲಿಲ್ಲ. ಇನ್ನು ಕೆಲವು ಕಡೆ ಸವೆದುಹೋದ ಗೆರೆಯನ್ನು ಪ್ಲೇಟಿನ ಮೇಲೆ ನೇರವಾಗಿ ಕೈಯಿಂದ ಮತ್ತೆ ಕೆತ್ತಿದರು. ಸವರಿದ್ದು, ಮುಟ್ಟದೆ ಬಿಟ್ಟದ್ದು, ಮತ್ತೆ ಕೆತ್ತಿದ್ದು: ಟೈಪುಗಳೆಲ್ಲ ಈ ಮೂರರಿಂದಲೇ ಹುಟ್ಟಿದವು.

ಹಾಗಾಗಿ ಫ್ರಾಂಕ್ಲಿನ್ ಮುಖವನ್ನು ಮನಸ್ಸಿನಲ್ಲಿ ಮುಚ್ಚಿಬಿಡಿ. ನಿಮಗೆ ಬೇಕಾದ್ದು ಅಂಚಿನ ನಾಲ್ಕು ಸಂಗತಿ: ಎರಡು ಪಕ್ಕದ ಅಲಂಕಾರ, ಮೇಲಿನ ಪಟ್ಟಿಯ ಹೊರಗೆ ಬಾಗಿ ಹೋಗುವ ಗೆರೆ, ಕೆಳಗಿನ ಪಟ್ಟಿಯ ಹೊರಗೆ ಬಾಗಿ ಹೋಗುವ ಗೆರೆ, ತೀರ ಕೆಳಗಿನ ಸುರುಳಿಗಳ ತುದಿಯ ಪುಟ್ಟ ಗುಂಡುಗಳು. ಹೆಚ್ಚಿನವರು ಬೆಲೆಯ ಆಸೆಗೆ ಮೊದಲು ಗುಂಡುಗಳನ್ನೇ ಹುಡುಕುತ್ತಾರೆ, ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರು. ಗುಂಡುಗಳನ್ನು ಕಡೆಗೆ ಇಟ್ಟುಕೊಳ್ಳಿ.

ಮೊದಲು ನೋಡಬೇಕಾದ್ದು ಕೆತ್ತನೆಯೇ ಅಲ್ಲ, ಹಲ್ಲು. 1851ರಿಂದ 1857ರವರೆಗೆ ಇವು ಹಲ್ಲಿಲ್ಲದೆ ಬಂದವು, ಅಂಚೆಯವರು ಕತ್ತರಿಯಿಂದ ಬಿಡಿಸಿ ಕೊಡುತ್ತಿದ್ದರು. 1857ರಲ್ಲಿ ಹಲ್ಲು ಹಾಕುವ ಯಂತ್ರ ಬಂತು. ಎರಡು ಸೆಂಟಿಮೀಟರಿಗೆ ಹದಿನೈದೂವರೆ ರಂಧ್ರ, ಅಂದರೆ 15½ ಅಳತೆ. ಹಳೆಯ ಪ್ಲೇಟುಗಳನ್ನು ಮಾಡುವಾಗ ಹಲ್ಲಿನ ಯೋಚನೆಯೇ ಇರಲಿಲ್ಲವಲ್ಲ, ಹಾಗಾಗಿ ಅವುಗಳಿಂದ ಬಂದ ಹಾಳೆಗೆ ಹಲ್ಲು ಹಾಕಿದಾಗ ರಂಧ್ರಗಳು ಚಿತ್ರವನ್ನೇ ತಿಂದವು. ಹೊಸ ಪ್ಲೇಟುಗಳಲ್ಲಿ ಪಕ್ಕದ ಅಲಂಕಾರವನ್ನೂ ಸವರಿ ನಡುವೆ ಜಾಗ ಬಿಟ್ಟರು. 5, 7, 8, 9, 10ನೇ ಪ್ಲೇಟುಗಳು ಅಂಥವು. ಅವುಗಳಿಂದ ಬಂದದ್ದೇ ಟೈಪ್ 5. ಪಕ್ಕದ ಅಲಂಕಾರ ಅರೆಬರೆ ಕತ್ತರಿಸಿದೆ, ಮೇಲಿನ ಕೆಳಗಿನ ಗೆರೆಗಳೂ ನಡುವೆ ತುಂಡಾಗಿವೆ. ಹಲ್ಲಿರುವ ಒಂದು ಸೆಂಟ್ ಫ್ರಾಂಕ್ಲಿನ್ನುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಇದೇ. ಆಲ್ಬಂನಲ್ಲಿ ಹಲ್ಲಿರುವ ಮಾಮೂಲಿ ಫ್ರಾಂಕ್ಲಿನ್ ಕಂಡರೆ ಮೊದಲ ಊಹೆ ಟೈಪ್ 5 ಆಗಿರಲಿ.

ಇಲ್ಲಿಂದ ಬರುವ ಒಂದು ಸಂಗತಿಯನ್ನು ಚೆನ್ನಾಗಿ ನೆನಪಿಡಿ, ನಿಮ್ಮ ಎರಡನೆಯ ಸ್ಟ್ಯಾಂಪಿನ ಕಥೆಯೆಲ್ಲ ಅದರಲ್ಲಿದೆ: ಟೈಪ್ 5 ಹಲ್ಲಿಲ್ಲದೆ ಮಾರಾಟಕ್ಕೆ ಬಂದೇ ಇಲ್ಲ. ಪಕ್ಕ ಸವರಿದ್ದೇ ಹಲ್ಲಿಗಾಗಿ. ನಿಮ್ಮ ಎರಡನೆಯದರ ಎಡ, ಬಲ ಎರಡೂ ಕಡೆ ಅಲಂಕಾರದ ಹೊರ ತುದಿಗಳು ಇಲ್ಲ. ಬಲಕ್ಕೆ ಬಿಳಿ ಅಂಚು ಇದ್ದೂ ಅಲಂಕಾರ ಇಲ್ಲ, ಅಂದರೆ ಕತ್ತರಿ ತಿಂದದ್ದಲ್ಲ, ಪ್ಲೇಟಿನಲ್ಲೇ ಇರಲಿಲ್ಲ. ಹಾಗಿದ್ದ ಮೇಲೆ ಅದು ಟೈಪ್ 5, ಟೈಪ್ 5 ಆದ ಮೇಲೆ ಹಲ್ಲಿದ್ದಿರಲೇಬೇಕು. ಯಾರೋ ಹಲ್ಲನ್ನು ನೀಟಾಗಿ ಕತ್ತರಿಸಿ ಹಳೆಯದೆಂದು ತೋರಿಸಿದ್ದಾರೆ. ಠಸ್ಸೆಯ 1860 ಅದನ್ನೇ ಹೇಳುತ್ತದೆ. ಠಸ್ಸೆಯಲ್ಲಿ ಇಸವಿ ಹಾಕುವುದು ಆಗ ಎಲ್ಲ ಊರಿನ ರೂಢಿಯಾಗಿರಲಿಲ್ಲ, ಆದ್ದರಿಂದ ಸಿಕ್ಕಾಗ ಬಳಸಿಕೊಳ್ಳಬೇಕು. ಮನೆಯ ಡ್ರಾಯರಿನಲ್ಲಿ ಉಳಿದ ಹಲ್ಲಿಲ್ಲದ ಹಳೆಯದನ್ನು 1860ರಲ್ಲಿ ಅಂಟಿಸಿದವರು ಇರಬಹುದು, ಅದು ಅಸಾಧ್ಯವೇನಲ್ಲ. ಆದರೆ ಪಕ್ಕದ ಅಲಂಕಾರ ಇಲ್ಲದಿರುವಾಗ ಆ ವಾದ ನಿಲ್ಲದು.

ಹಲ್ಲಿಲ್ಲದ್ದು ನಿಜಕ್ಕೂ ಹಲ್ಲಿಲ್ಲದೆ ಹುಟ್ಟಿದ್ದು ಎಂದು ಸಾಬೀತು ಮಾಡುವ ಸುಲಭ ಸಾಕ್ಷಿ ಅಗಲವಾದ ಅಂಚು. ಒಂದು ಬದಿಯಲ್ಲಾದರೂ ನೆರೆಯ ಸ್ಟ್ಯಾಂಪಿನ ಗೆರೆ ಇಣುಕಬೇಕು, ಇಲ್ಲವೇ ಬಿಡಿಸದ ಜೋಡಿ ಇರಬೇಕು. ನಾಲ್ಕೂ ಕಡೆ ಅಂಚು ಕೂದಲೆಳೆಯಷ್ಟೇ ಇದ್ದರೆ ಅನುಮಾನ ಪಡಿ.

ಪಕ್ಕದ ಅಲಂಕಾರ ಪೂರ್ತಿ ಇದ್ದರೆ ಟೈಪ್ 5 ಬಿಟ್ಟುಹೋಯಿತು. ಈಗ ಮೇಲಿನ ಮತ್ತು ಕೆಳಗಿನ ಬಾಗು ಗೆರೆಗೆ ಬನ್ನಿ. ಎರಡೂ ಗೆರೆ ನಡುವೆ ತುಂಡಾಗಿದ್ದರೆ ಟೈಪ್ 3. ಮೇಲೋ ಕೆಳಗೋ ಒಂದೇ ಕಡೆ ತುಂಡಾಗಿದ್ದರೆ ಟೈಪ್ 3ಎ. ಎರಡೂ ಗೆರೆ ಅಖಂಡವಾಗಿದ್ದು, ಡೈನಿಂದ ಬಂದ ಹಾಗೆ ತೆಳ್ಳಗೆ ಸಮನಾಗಿದ್ದು, ಕೆಳಗಿನ ಸುರುಳಿಯ ಗುಂಡುಗಳು ಇಲ್ಲದಿದ್ದರೆ ಟೈಪ್ 2. ಗೆರೆ ಇದೆ, ಆದರೆ ಕೈಯಿಂದ ಮತ್ತೆ ಕೆತ್ತಿದ್ದಾದರೆ ಟೈಪ್ 4.

ಹೇಳುವಾಗ ಸಲೀಸು, ನೋಡುವಾಗ ಅಲ್ಲ. ಈ ಟೈಪ್ 4 ಇರುವುದು ಒಂದನೇ ಪ್ಲೇಟಿನಿಂದ, ಅದೂ ಅದರ ಎರಡನೆಯ ಅವಸ್ಥೆಯಿಂದ ಮಾತ್ರ. 1851ರಲ್ಲಿ ಮಾಡಿದ ಒಂದನೇ ಪ್ಲೇಟನ್ನು 1852ರಲ್ಲಿ ಮತ್ತೆ ಕೈಗೆತ್ತಿಕೊಂಡು, ದುರ್ಬಲವಾಗಿದ್ದ ಗೆರೆಗಳನ್ನು ಒಂದೊಂದಾಗಿ ಉಳಿಯಿಂದ ಕೆತ್ತಿ ಬಲಪಡಿಸಿದರು. ಸಂಗ್ರಾಹಕರು ಮೊದಲ ಅವಸ್ಥೆಯನ್ನು 'ಅರ್ಲಿ', ಎರಡನೆಯದನ್ನು 'ಲೇಟ್' ಅನ್ನುತ್ತಾರೆ. ಇನ್ನೂರು ಜಾಗಗಳಲ್ಲಿ 199ಕ್ಕೆ ಈ ಮರುಕೆತ್ತನೆ ಆಯಿತು. ಬಲಭಾಗದ ನಾಲ್ಕನೆಯದೊಂದೇ ತಪ್ಪಿಸಿಕೊಂಡು ಟೈಪ್ 2 ಆಗಿಯೇ ಉಳಿಯಿತು. ಕೆತ್ತಿದ ರೀತಿಯೂ ಒಂದೇ ಅಲ್ಲ. ಮೇಲೊಂದು ಗೆರೆ, ಕೆಳಗೊಂದು ಗೆರೆ ಕೆತ್ತಿದ್ದು 113 ಜಾಗ. ಮೇಲೆ ಮಾತ್ರ ಒಂದು ಕೆತ್ತಿದ್ದು 40. ಮೇಲೊಂದು, ಕೆಳಗೆ ಎರಡು ಕೆತ್ತಿದ್ದು 21. ಕೆಳಗೆ ಮಾತ್ರ ಎರಡು 11, ಕೆಳಗೆ ಮಾತ್ರ ಒಂದು 8. ಮೇಲೆ ಎರಡು ಕೆಳಗೊಂದು ಬರೀ 4, ಎರಡೂ ಕಡೆ ಎರಡೆರಡು ಬರೀ 2. ಈ ಸ್ಟ್ಯಾಂಪನ್ನು ಅಧ್ಯಯನ ಮಾಡಿದ ಸ್ಟ್ಯಾನ್ಲಿ ಆಶ್‌ಬ್ರುಕ್‌ರಂಥವರು ಕಳೆದ ಶತಮಾನದ ಮೊದಲರ್ಧದಲ್ಲಿ ಬಿಡಿ ಸ್ಟ್ಯಾಂಪು, ಜೋಡಿ, ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ ಇಡೀ ಪ್ಲೇಟುಗಳನ್ನೇ ಕಾಗದದ ಮೇಲೆ ಮರಳಿ ಕಟ್ಟಿದ್ದರಿಂದ ಈ ಲೆಕ್ಕ ನಮ್ಮ ಕೈಯಲ್ಲಿದೆ. ಆ ತಾಳ್ಮೆಯ ಮುಂದೆ ನಮ್ಮದು ಯಾವ ಮಹಾ ಕೆಲಸ.

ಈಗ ನಿಮ್ಮ ಮೊದಲನೆಯದನ್ನು ನೋಡಿ. ಮೇಲಿನ ಗೆರೆ ಒಂದೇ ಉಸಿರಿಗೆ ಎಳೆದಂತೆ ದಪ್ಪಗಿದೆ, ಪಕ್ಕದ ಅಲಂಕಾರದ ನಯವಾದ ಗೆರೆಗಳ ಜೊತೆ ಅದರ ದಪ್ಪ ಹೊಂದುವುದಿಲ್ಲ. ಕೆಳಗಡೆ ನೋಡಿದರೆ ಒಂದರ ಪಕ್ಕ ಒಂದು ಎರಡು ಗೆರೆ ಓಡಿವೆ. ಡೈನಲ್ಲಿ ಅಲ್ಲಿ ಇದ್ದದ್ದು ಒಂದೇ ಗೆರೆ. ಎರಡು ಕಂಡಿತೆಂದರೆ ಅದು ಉಳಿಯ ಕೆಲಸ, ಬೇರೆ ಮಾತಿಲ್ಲ. ಮೇಲೊಂದು, ಕೆಳಗೆ ಎರಡು: ಆ 21 ಜಾಗಗಳಲ್ಲೊಂದು. ಪೆನ್ಸಿಲ್ ಹಿಡಿದ ಮಹಾಶಯರು ಗೆರೆಗಳು ಅಖಂಡವಾಗಿರುವುದನ್ನು ಕಂಡು 'ವಿನ್ಯಾಸ ಪೂರ್ತಿ ಇದೆ, ಆದ್ದರಿಂದ ಟೈಪ್ 1' ಎಂದುಕೊಂಡಿರಬೇಕು. ಅವರು ಕೆಳಗಿನ ಸುರುಳಿ ನೋಡಲಿಲ್ಲ. ಅಲ್ಲಿ ಗುಂಡೂ ಇಲ್ಲ, ಗರಿಯ ಬುಡವೂ ಇಲ್ಲ.

ಬೆಲೆಯ ವಿಷಯದಲ್ಲಿ ನಿರಾಶೆಯಾಗಬಹುದು. ಹಲ್ಲಿಲ್ಲದವುಗಳಲ್ಲಿ ಟೈಪ್ 4 ಎಲ್ಲಕ್ಕಿಂತ ಸುಲಭವಾಗಿ ಸಿಗುವಂಥದ್ದು. ಆದರೆ ಮನೆಯಲ್ಲಿ ಕೂತು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸ್ಟ್ಯಾಂಪು ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೈಯಿಂದ ಕೆತ್ತಿದ ಗೆರೆ ಪ್ರತಿ ಜಾಗದಲ್ಲೂ ಬೇರೆ. ಎಲ್ಲಿ ಶುರುವಾಯಿತು, ಎಲ್ಲಿ ಜಾರಿತು, ಎಷ್ಟು ಉದ್ದ ಓಡಿತು ಎಂದು ನೋಡುತ್ತ ಹೋದರೆ ನಿಮ್ಮದು ಪ್ಲೇಟಿನ ಯಾವ ಸಾಲಿನ ಎಷ್ಟನೆಯದು ಎಂದು ಗುರುತಿಸಬಹುದು. ಟೈಪ್ 1 ಹಿಂದೆ ಓಡುವವರಿಗೆ ಈ ಸುಖ ಗೊತ್ತಿಲ್ಲ.

ಟೈಪ್ 3 ಬಗ್ಗೆ ಎರಡು ಮಾತು, ಏಕೆಂದರೆ ಮೋಸ ಹೆಚ್ಚು ನಡೆಯುವುದು ಇಲ್ಲೇ. ಟೈಪ್ 2ಕ್ಕಿಂತ ಇದರ ಬೆಲೆ ಬಹಳ ಹೆಚ್ಚು, ಎರಡಕ್ಕೂ ನಡುವೆ ಇರುವುದು ಗೆರೆಯ ನಡುವಿನ ಖಾಲಿ ಜಾಗ ಮಾತ್ರ. ಆ ಖಾಲಿ ಜಾಗವನ್ನು ಸೃಷ್ಟಿಸಲು ಸೂಜಿಯ ಮೊನೆ ಸಾಕು. ಗೆರೆಯನ್ನು ಕೆರೆದು ತೆಗೆದ ಕಡೆ ಕಾಗದದ ನಾರು ಎದ್ದಿರುತ್ತದೆ. ಸ್ಟ್ಯಾಂಪನ್ನು ಓರೆಯಾಗಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಆ ಜಾಗ ಮಾತ್ರ ಒರಟಾಗಿ ಕಾಣುತ್ತದೆ. ಯಾರ ಮೋಸವೂ ಇಲ್ಲದೆಯೂ ತಪ್ಪಾಗಬಹುದು. ಪ್ಲೇಟಿಗೆ ಶಾಯಿ ಸರಿಯಾಗಿ ತುಂಬದಿದ್ದರೆ, ಕಾಗದ ಒಣಗಿದ್ದರೆ, ತೆಳು ಗೆರೆ ಮಸುಕಾಗಿ ತುಂಡಾದಂತೆ ಕಾಣುತ್ತದೆ. ನಿಜವಾದ ತುಂಡಿನಲ್ಲಿ ಗೆರೆ ಎರಡೂ ಕಡೆಯಿಂದ ಸ್ಪಷ್ಟವಾಗಿ ಬಂದು ನಿಲ್ಲುತ್ತದೆ, ನಡುವೆ ನೀಲಿಯ ಸುಳಿವೂ ಇರುವುದಿಲ್ಲ. ಮಸುಕಿನ ತುಂಡಿನಲ್ಲಿ ಚುಕ್ಕಿ ಚುಕ್ಕಿಯಾಗಿ ಏನೋ ಉಳಿದಿರುತ್ತದೆ. ಎರಡನೇ ಪ್ಲೇಟಿನ ಬಲಭಾಗದ 99ನೇ ಜಾಗ ಟೈಪ್ 3ರ ಅತಿ ಪ್ರಸಿದ್ಧ ಉದಾಹರಣೆ. ಅಲ್ಲಿನ ಖಾಲಿ ಜಾಗ ಬರಿಗಣ್ಣಿಗೇ ಕಾಣುವಷ್ಟು ಅಗಲ. ಒಮ್ಮೆ ಅದರ ದೊಡ್ಡ ಚಿತ್ರ ನೋಡಿಟ್ಟುಕೊಂಡರೆ ಕಣ್ಣಿಗೆ ಅಳತೆ ಸಿಗುತ್ತದೆ.

ಠಸ್ಸೆಯ ಶಾಯಿ ಗೆರೆಯ ಮೇಲೆ ಬಿದ್ದಿದ್ದರೆ, ಅಥವಾ ಕತ್ತರಿಯೋ ಹಲ್ಲೋ ಮೇಲಿನ ಗೆರೆಯನ್ನು ತಿಂದಿದ್ದರೆ ಟೈಪ್ ಹೇಳಲು ಹೋಗಬೇಡಿ. ಕಾಣದ ಗೆರೆಯ ಬಗ್ಗೆ ಖಚಿತವಾಗಿ ಮಾತಾಡುವ ಮಾರಾಟಗಾರರನ್ನೂ ನಂಬಬೇಡಿ.

ಇನ್ನು ಆ ಗುಂಡುಗಳು. ಡೈನಲ್ಲಿದ್ದ ವಿನ್ಯಾಸ ಮೇಲೆ ಕೆಳಗೆ ಪಕ್ಕ ಎಲ್ಲ ಕಡೆ ಪೂರ್ತಿಯಾಗಿ ಇಳಿದಿದ್ದರೆ ಟೈಪ್ 1. ಕೆಳಗಿನ ಪಟ್ಟಿಯ ಅಡಿಯಲ್ಲಿ ಸುರುಳಿಗಳು ಒಳಕ್ಕೆ ಮಡಚಿ ಪುಟ್ಟ ಗುಂಡಾಗಿ ಮುಗಿಯುತ್ತವೆ, ಎರಡೂ ಕೆಳಮೂಲೆಯ ಗರಿಗಳ ಬುಡ ಪೂರ್ತಿ ಇರುತ್ತದೆ. ಹಲ್ಲಿಲ್ಲದವುಗಳಲ್ಲಿ ಇಂಥದ್ದು ಇರುವುದು ಒಂದನೇ ಪ್ಲೇಟಿನ ಮೊದಲ ಅವಸ್ಥೆಯ ಒಂದೇ ಒಂದು ಜಾಗದಲ್ಲಿ: ಬಲಭಾಗದ ಏಳನೆಯದು. ಇನ್ನೂರಕ್ಕೆ ಒಂದು, ಅದೂ ಒಂದೇ ಪ್ಲೇಟಿನಲ್ಲಿ, ಆ ಪ್ಲೇಟನ್ನು ಮರುಕೆತ್ತುವ ಮೊದಲು ಅಚ್ಚಾದ ಹಾಳೆಗಳಲ್ಲಿ ಮಾತ್ರ. ಹತ್ತಾರು ಸಾವಿರ ಡಾಲರ್ ಬೆಲೆ ಬರುವುದು ಅದಕ್ಕೇ. ಅದೇ ಸಾಲಿನ ಅದರ ನೆರೆಯವರು, ಮೂರರಿಂದ ಆರು, ಎಂಟು, ಒಂಬತ್ತು, ಬಹುಮಟ್ಟಿಗೆ ಹಾಗೆಯೇ ಇವೆ. ಆದರೆ ಗುಂಡುಗಳು ಅಷ್ಟು ಸ್ಪಷ್ಟವಿಲ್ಲ, ಗರಿಯ ಬುಡ ಅಪೂರ್ಣ. ಅವನ್ನು ಟೈಪ್ 1ಬಿ ಅನ್ನುತ್ತಾರೆ. ಟೈಪ್ 1ಎ ಬೇರೆಯೇ ಕಥೆ. ಅದು ನಾಲ್ಕನೇ ಪ್ಲೇಟಿನ ತೀರ ಕೆಳಗಿನ ಸಾಲಿನದು. ಕೆಳಗೆ ಇನ್ನೊಂದು ಸಾಲಿಲ್ಲವಾದ್ದರಿಂದ ಕೆಳಭಾಗ ಸವರುವ ಅಗತ್ಯ ಬೀಳಲಿಲ್ಲ, ಗುಂಡು ಗರಿ ಎಲ್ಲ ಪೂರ್ತಿ. ಮೇಲಿನ ಅಲಂಕಾರ, ಮೇಲಿನ ಗೆರೆ ಮಾತ್ರ ಅರ್ಧ ಸವರಿಹೋಗಿದೆ. ಪ್ಲೇಟಿನ ಮೇಲೆ ಎಲ್ಲಿ ಕೂತಿತ್ತು ಎಂಬುದು ಸ್ಟ್ಯಾಂಪಿನ ಟೈಪನ್ನೇ ತೀರ್ಮಾನಿಸಿದ್ದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಟೈಪ್ 2 ಸ್ಟ್ಯಾಂಪಿಗೆ ಪೆನ್ನಿನಿಂದ ಗುಂಡು, ಗರಿ ಬರೆದು ಟೈಪ್ 1 ಮಾಡಿದವರೂ ಇದ್ದಾರೆ. ಅದನ್ನು ಹಿಡಿಯಲು ಮುದ್ರಣದ ಗುಣ ಗೊತ್ತಿದ್ದರೆ ಸಾಕು. ಉಕ್ಕಿನ ಪ್ಲೇಟಿನ ತೋಡಿನಿಂದ ಎದ್ದುಬಂದ ಶಾಯಿ ಕಾಗದದ ಮೇಲೆ ಸಣ್ಣ ಏಣಿನಂತೆ ನಿಲ್ಲುತ್ತದೆ, ಅಂಚು ಚೂಪು. ಬರೆದ ಶಾಯಿ ಚಪ್ಪಟೆಯಾಗಿದ್ದು ನಾರಿನೊಳಗೆ ಹರಡಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಸಾಕು, ಓರೆ ಬೆಳಕು ಬೇಕು. ನೇರಳಾತೀತ ದೀಪವಿದ್ದರೆ ಬರೆದ ಶಾಯಿಯ ಬಣ್ಣ ಎಷ್ಟೋ ಸಲ ಬೇರೆಯಾಗಿ ಎದ್ದು ಕಾಣುತ್ತದೆ.

ನಿಮ್ಮ ಮೂರನೆಯದಕ್ಕೆ ಬಂದೆ. ಫೋಟೋದಲ್ಲಿ ಕೆಳಗಿನ ಗುಂಡುಗಳು ಕಾಣುತ್ತಿವೆ, ಗರಿಗಳು ಪೂರ್ತಿ, ಮೇಲಿನ ಅಲಂಕಾರ ಪೂರ್ತಿ, ಪಕ್ಕ ಪೂರ್ತಿ. ಪೆನ್ಸಿಲ್ಲಿನವರು ಟೈಪ್ 1 ಎಂದು ಬರೆಯಬೇಕಾಗಿದ್ದದ್ದು ಇದರ ಕೆಳಗೆ. ಹಲ್ಲಿರುವ ಟೈಪ್ 1 ಇದೆ. 12ನೇ ಪ್ಲೇಟಿನಿಂದ ಬಂದವು ಅವು, ಹಲ್ಲಿಲ್ಲದ ಏಳನೇ ಜಾಗದಷ್ಟು ಅಪರೂಪವೂ ಅಲ್ಲ. ಆದರೆ ನನಗೆ ಇನ್ನೊಂದು ಅನುಮಾನ ಇದೆ. ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ವಸ್ತುಪ್ರದರ್ಶನದ ಹೊತ್ತಿಗೆ, 1875ರಲ್ಲಿ, ಅಂಚೆ ಇಲಾಖೆ ತನ್ನ ಹಳೆಯ ಸ್ಟ್ಯಾಂಪುಗಳನ್ನು ಸಂಗ್ರಾಹಕರಿಗಾಗಿ ಮತ್ತೆ ಅಚ್ಚು ಹಾಕಿಸಿ ಮಾರಿತು. ಈ ಒಂದು ಸೆಂಟೂ ಅವುಗಳಲ್ಲಿ ಸೇರಿತ್ತು. ಕಾಂಟಿನೆಂಟಲ್ ಬ್ಯಾಂಕ್ ನೋಟ್ ಕಂಪನಿ ಹೊಸ ಪ್ಲೇಟಿನಿಂದ ಅದನ್ನು ಮುದ್ರಿಸಿತು. ಹೊಸ ಪ್ಲೇಟಿನಲ್ಲಿ ಸವರುವ ಗೊಡವೆ ಇಲ್ಲದ್ದರಿಂದ ವಿನ್ಯಾಸ ಪೂರ್ತಿ ಬಂತು, ಪ್ರತಿಯೊಂದೂ ನೋಡಲು ಟೈಪ್ 1. ಬಿಳಿ ಕಾಗದ, ಹೊಳೆಯುವ ನೀಲಿ, ಅಂಟಿಲ್ಲ. ನೀವು ಬರೆದ ವರ್ಣನೆ ಅಕ್ಷರಶಃ ಇದೇ. ಅಂಟನ್ನು 1850ರ ದಶಕದ ಸ್ಟ್ಯಾಂಪಿನಿಂದಲೂ ತೊಳೆದು ತೆಗೆದಿರಬಹುದು, ಆದ್ದರಿಂದ ಅದನ್ನೇ ನಂಬಿ ಹೇಳಲಾರೆ. ಬಣ್ಣ ಫೋಟೋದಲ್ಲಿ ಸುಳ್ಳು ಹೇಳುತ್ತದೆ. ಸುಳ್ಳು ಹೇಳದ್ದು ಹಲ್ಲು: 1857ರದ್ದಾದರೆ 15½, 1875ರ ಮರುಮುದ್ರಣವಾದರೆ 12.

ಅಳೆಯುವುದು ಕಷ್ಟವಲ್ಲ. ಹಲ್ಲಿನ ಅಳತೆಪಟ್ಟಿ ಸ್ಟ್ಯಾಂಪಿನ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಅದು ಬರುವವರೆಗೆ ಕಾಯಲಾಗದಿದ್ದರೆ ಸ್ಟ್ಯಾಂಪಿನ ಉದ್ದದ ಬದಿಗೆ ಸಾಮಾನ್ಯ ಸ್ಕೇಲು ತಾಗಿಸದೆ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ದೊಡ್ಡದು ಮಾಡಿ ಎರಡು ಸೆಂಟಿಮೀಟರಿನೊಳಗೆ ಎಷ್ಟು ರಂಧ್ರವೆಂದು ಎಣಿಸಿ. ಹನ್ನೆರಡಕ್ಕೂ ಹದಿನೈದೂವರೆಗೂ ನಡುವಿನ ಅಂತರ ತಪ್ಪಲು ಸಾಧ್ಯವೇ ಇಲ್ಲದಷ್ಟು ದೊಡ್ಡದು. ಹನ್ನೆರಡು ಬಂತೆಂದು ಬೇಜಾರಾಗಬೇಡಿ. ಆ ಮರುಮುದ್ರಣ ಮಾರಾಟವಾದದ್ದು ನಾಲ್ಕು ಸಾವಿರಕ್ಕೂ ಕಡಿಮೆ, ಅದಕ್ಕೆ ಅದರದೇ ಗಿರಾಕಿಗಳಿದ್ದಾರೆ. ನಿಮ್ಮ ಬೇರೆ ಎರಡನ್ನೂ ಸೇರಿಸಿದರೂ ಅದರ ಬೆಲೆಗೆ ಸಮ ಬರುವುದು ಅನುಮಾನ.

ಎರಡು ಎಚ್ಚರಿಕೆ ಮಾತ್ರ. ಒಂದು, ಯಾವುದನ್ನೂ ನೀರಿಗೆ ಹಾಕಬೇಡಿ, ಆಲ್ಬಂಗೆ ಅಂಟಿಸಲು ಹಿಂದೆ ಹಾಕಿದ ಹಳೆಯ ಹಿಂಜ್ ಕಾಗದವನ್ನು ಕೀಳಬೇಡಿ, ಪೆನ್ಸಿಲ್ ಬರಹ ಇರುವ ಆಲ್ಬಂ ಹಾಳೆಯನ್ನೂ ಹಾಗೆಯೇ ಇಡಿ. ಎರಡು, ಸ್ಕ್ಯಾನ್ ಮಾಡುವಾಗ ಇಂಚಿಗೆ 1200 ಚುಕ್ಕಿಗಿಂತ ಕಡಿಮೆ ಬೇಡ, 'ಚಿತ್ರ ಚಂದ ಮಾಡು' ಎಂಬ ಸೌಲಭ್ಯ ಆಫ್ ಇರಲಿ. ಅದು ತೆಳು ಗೆರೆಗಳನ್ನು ತಾನೇ ಅಳಿಸುತ್ತದೆ, ತಾನೇ ಬರೆಯುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಟೈಪ್ 3 ಎಂದು ಕುಣಿದವರು ಕಡಿಮೆಯೇನಿಲ್ಲ.

ಪ್ರಮಾಣಪತ್ರದ ಬಗ್ಗೆ ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆ ಅದೇ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ನಿನವರೂ ಪೆನ್ಸಿಲ್ವೇನಿಯದ ಬೆಲ್‌ಫಾಂಟ್‌ನಲ್ಲಿರುವ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯವರೂ ಸ್ಟ್ಯಾಂಪು ಪರೀಕ್ಷಿಸಿ ಬರವಣಿಗೆಯಲ್ಲಿ ಅಭಿಪ್ರಾಯ ಕೊಡುತ್ತಾರೆ. ಎರಡೂ ನಿಮಗೆ ದೂರವಲ್ಲ. ಮೊದಲನೆಯದಕ್ಕೆ, ಎರಡನೆಯದಕ್ಕೆ ಆ ಖರ್ಚು ದಂಡ. ಮೂರನೆಯದು ಹನ್ನೆರಡು ಬಂದರೂ ಹದಿನೈದೂವರೆ ಬಂದರೂ ಕಳಿಸಲು ಯೋಗ್ಯ: ಹನ್ನೆರಡಾದರೆ ಮರುಮುದ್ರಣವೆಂದು ಖಚಿತವಾಗಬೇಕು, ಹದಿನೈದೂವರೆಯಾದರೆ ಹಲ್ಲನ್ನು ಆಮೇಲೆ ಹಾಕಿದ್ದಲ್ಲ, ಗುಂಡುಗಳನ್ನು ಬರೆದದ್ದಲ್ಲ ಎಂದು ಖಚಿತವಾಗಬೇಕು. ಕಳಿಸುವ ಮೊದಲು ಅದರ ಹಿಂಬದಿಯ ಸ್ಕ್ಯಾನನ್ನೂ ನೀವು ಎಣಿಸಿದ ಸಂಖ್ಯೆಯನ್ನೂ ನನಗೆ ಬರೆಯಿರಿ. ಮೊದಲನೆಯದರ ಕೆಳಗಿನ ಜೋಡಿ ಗೆರೆಯ ದೊಡ್ಡ ಸ್ಕ್ಯಾನ್ ಕಳಿಸಿದರೆ ಆ 21ರಲ್ಲಿ ಯಾವುದೆಂದು ಹುಡುಕಿ ಹೇಳುತ್ತೇನೆ.